ಕಾಯಿ ಒಡೆಸಿಕೊಂಡ ಕಲ್ಲು

ಹೊಸಪೇಟೆ ಮಾರುಕಟ್ಟೆಯಲ್ಲಿ ಹೋದ ತಿಂಗಳು ಹೂ ಕೊಳ್ಳಲು ನಿಂತಿದ್ದೆ. ಹೂ ಮಾರುವವನು ದೊಡ್ಡದೊಂದು ಬಟ್ಟೆಯ ಛತ್ರಿ ನೆಟ್ಟಿದ್ದ. ನೆರಳಷ್ಟೂ ಕನಕಾಂಬರದ ಬುಟ್ಟಿಯ ಮೇಲೆ. ಅವನು ಮಾತ್ರ ತಲೆಗೆ ಟವಲು ಸುತ್ತಿಕೊಂಡು ಬಿಸಿಲಲ್ಲೇ ಕೂತಿದ್ದ. ಕಾದ ಬಟ್ಟೆಯಿಂದ ಎಣ್ಣೆಯೂ ಧೂಳೂ ಕೂಡಿದ ಒಂದು ಕಮಟು ವಾಸನೆ ಬಂತು. ಮೊಳಕ್ಕೆ ಎಷ್ಟು ಎಂದು ಕೇಳುವುದನ್ನೂ ಮರೆತು ನಿಂತುಬಿಟ್ಟೆ. ಹಿಂದಿದ್ದ ಹೆಂಗಸು, ಕೊಳ್ಳೋದಿಲ್ಲಾಂದ್ರ ಆಚಿ ಸರಿ ಎಂದು ಬೆನ್ನಿಗೆ ತಿವಿದಳು.

ಅಂಥ ಛತ್ರಿ, ಅಂಥ ವಾಸನೆ, ತಾನು ಬಿಸಿಲಲ್ಲಿ ನಿಂತು ಇನ್ನೊಂದಕ್ಕೆ ನೆರಳು ಹಿಡಿಯುವ ಅಂಥ ಮನುಷ್ಯ... ಇದನ್ನೆಲ್ಲ ನಾನು ಮೊದಲು ಕಂಡದ್ದು ಸಂಡೂರಿನ ಗುಡ್ಡದಲ್ಲಿ. ಆಗ ನನ್ನ ದೊಡ್ಡ ಮಗಳು ಇನ್ನೂ ಸೊಂಟದಿಂದ ಇಳಿದಿರಲಿಲ್ಲ.

ನನ್ನ ಗಂಡನ ಮನೆ ಇದ್ದದ್ದು ಬಂಡ್ರಿಯಿಂದ ಗುಡ್ಡದ ಕಡೆ ನಡೆದರೆ ಸಿಗುವ ಕುರಿಯವರ ಹಟ್ಟಿಯಲ್ಲಿ. ಹೊಲ ಎಂದು ಹೇಳಿಕೊಳ್ಳುವಂಥದ್ದು ಯಾರಿಗೂ ಇರಲಿಲ್ಲ. ಕುರಿಯೇ ಬದುಕು. ಹಟ್ಟಿಯ ಮೇಲೆ ಕೆಂಪು ಗುಡ್ಡ, ಗುಡ್ಡದ ಮೈಮೇಲೆ ಕುರುಚಲು ಕಾಡು, ನಡುವೆ ಹುಲ್ಲು. ಬೇಸಿಗೆ ಬಂದರೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಹಳ್ಳ ಬತ್ತುತ್ತಿತ್ತು. ಬತ್ತದೆ ಉಳಿಯುವುದು ಒಂದೇ, ಬಂಡೆಯ ಸಂದಿನಲ್ಲಿದ್ದ ನೀರಿನ ದೊಣೆ. ಅದು ಇದ್ದರೆ ನಮ್ಮ ಕುರಿ ಇದ್ದವು. ಒಂದು ವರ್ಷ ಅದೂ ತಳ ಕಂಡಿತ್ತು. ಆಗ ಗಂಡಸರು ಕುರಿ ಹೊಡೆದುಕೊಂಡು ದರೋಜಿ ಕೆರೆಯವರೆಗೆ ಹೋಗಿದ್ದರು. ಹೋದ ಕುರಿಯೆಲ್ಲ ತಿರುಗಿ ಬರಲಿಲ್ಲ. ಅದನ್ನು ಕಂಡವರಿಗೆ ದೊಣೆ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದಾಗ ಸರ್ವೆಯವರು ಬಂದರು. ಗುಡ್ಡ, ಕಾಡು, ಮೇವಿನ ಜಾಗ ಎಲ್ಲವನ್ನೂ ಅಳೆದು ನಕಾಶೆ ಬರೆಯಬೇಕೆಂದು ಸರ್ಕಾರದ ಹುಕುಮಾಗಿತ್ತಂತೆ. ಜೊತೆಗೆ ಗುಡ್ಡದ ಆಚೆ ಮಗ್ಗುಲಿನಲ್ಲಿ ಅದಿರು ತೆಗೆಯುವ ಗಣಿಯವರಿಗೂ ಗಡಿ ಗುರುತು ಮಾಡಿಕೊಡಬೇಕಿತ್ತು. ಕೋಲು, ಬಾವುಟ, ಸರಪಳಿ ಹೊರಲು ಖಲಾಸಿಗಳು. ಅವರಲ್ಲಿ ನನ್ನ ಗಂಡನೂ ಒಬ್ಬ, ಆ ಬೇಸಿಗೆಗೆ ಮಾತ್ರ ಸೇರಿಕೊಂಡಿದ್ದ. ಅವರಿಗೆಲ್ಲ ರೊಟ್ಟಿ ಬಡಿಯುವ ಕೆಲಸ ನನಗೆ ಬಿತ್ತು.

ಸರ್ವೆಯ ಸಾಹೇಬರು ಒಣಕಲು ಆಳು. ಮೈಸೂರು ಕಡೆಯ ಮಾತು. ನಮ್ಮ ಖಾರಕ್ಕೆ ಕಣ್ಣಲ್ಲಿ ನೀರು ಹಾಕಿಕೊಂಡು ಉಣ್ಣುತ್ತಿದ್ದರು, ಆದರೆ ಕಡಿಮೆ ಮಾಡು ಎಂದು ಒಂದು ದಿನವೂ ಅನ್ನಲಿಲ್ಲ. ಮೂರು ಕಾಲಿನ ಮೇಲೆ ಒಂದು ಹಲಗೆ ನಿಲ್ಲಿಸಿ, ಅದರ ಮೇಲೆ ಕಾಗದ ಹಚ್ಚಿ, ಹಿತ್ತಾಳೆಯ ಪಟ್ಟಿಯಲ್ಲಿ ಕಣ್ಣಿಟ್ಟು ದೂರದ ಬಾವುಟ ನೋಡಿ ಗೆರೆ ಎಳೆಯುತ್ತಿದ್ದರು. ಆ ಹಲಗೆಗೆ ಛತ್ರಿ. ಕಾಗದ ಬಿಸಿಲಿಗೆ ಸುಕ್ಕಾದರೆ ಗುಡ್ಡವೇ ಜರುಗಿದ ಲೆಕ್ಕ ಅನ್ನುತ್ತಿದ್ದರು. ಛತ್ರಿ ಹಿಡಿದ ಖಲಾಸಿ ಕನಿಕರದಿಂದ ಸ್ವಲ್ಪ ಅವರ ತಲೆಯ ಕಡೆ ಸರಿಸಿದರೆ ಗದರುತ್ತಿದ್ದರು. ಅವರ ಕತ್ತಿನ ಹಿಂಭಾಗ ಸುಟ್ಟು ಸಿಪ್ಪೆ ಏಳುತ್ತಿತ್ತು.

ಅವರ ಕಾಗದದಲ್ಲಿ ಗುಡ್ಡ ಅಂದರೆ ಒಂದರೊಳಗೊಂದು ಸುತ್ತು ಗೆರೆಗಳು. ಸಮ ಎತ್ತರದ ಜಾಗವನ್ನೆಲ್ಲ ಒಂದು ಗೆರೆಯಲ್ಲಿ ಕೂಡಿಸುವುದಂತೆ. ನಮ್ಮತ್ತೆ ಒಂದು ದಿನ ಬಗ್ಗಿ ನೋಡಿ, "ಗುಡ್ಡ ಹೆಬ್ಬೆಟ್ಟು ಒತ್ತಿದಂಗೈತಿ" ಅಂದಳು. ಸಾಹೇಬರು ನಕ್ಕರು. ಅವರು ನಕ್ಕದ್ದನ್ನು ನಾನು ಹೆಚ್ಚು ನೋಡಿಲ್ಲ. ಅತ್ತೆಯನ್ನು ಅವರು ದೊಡ್ಡಮ್ಮನವರೇ ಎಂದು ಕರೆಯುತ್ತಿದ್ದರು. ನಮ್ಮ ಹಟ್ಟಿಯಲ್ಲಿ ಅಷ್ಟು ಉದ್ದದ ಮರ್ಯಾದೆ ಯಾರೂ ಯಾರಿಗೂ ಕೊಟ್ಟದ್ದಿಲ್ಲ. ಅವಳು ಬೇಕೆಂದೇ ಅವರ ಮುಂದೆ ಹಾಯ್ದು ಹೋಗಿ ಅನ್ನಿಸಿಕೊಳ್ಳುತ್ತಿದ್ದಳು.

ಅವರ ಬಳಿ ದಿಕ್ಕು ತೋರಿಸುವ ಮುಳ್ಳಿನ ಡಬ್ಬಿಯೂ ಇತ್ತು. ಆದರೆ ನಮ್ಮ ಗುಡ್ಡದ ಮೇಲೆ ಅದನ್ನು ಪೆಟ್ಟಿಗೆಯಿಂದ ತೆಗೆಯುತ್ತಿರಲಿಲ್ಲ. ಒಮ್ಮೆ ಮಾತ್ರ ತೆಗೆದು ಖಲಾಸಿಗಳಿಗೆ ತೋರಿಸಿದರು. ಮುಳ್ಳು ಕುಡಿದವನ ಹಾಗೆ ತೂರಾಡುತ್ತಿತ್ತು. ಕೆಳಗೆಲ್ಲ ಕಬ್ಬಿಣ, ಅದು ಮುಳ್ಳನ್ನು ಎಳೆಯುತ್ತದೆ, ಇಲ್ಲಿ ಮುಳ್ಳನ್ನು ನಂಬಿದವನಿಗೆ ಹಲಗೆ ಹಿಡಿಯುವ ಯೋಗ್ಯತೆಯಿಲ್ಲ ಅಂದರು. ಕೆಲಸಕ್ಕೆ ಸೇರಿದ ಮೊದಲ ತಿಂಗಳ ಹುಡುಗರಿಗೆ ಕಲಿಸುವ ಪಾಠ ಅದೇ ಅಂತೆ. ನಾನು ರೊಟ್ಟಿ ಗಂಟು ಬಿಚ್ಚುತ್ತಾ ಕೇಳಿಸಿಕೊಂಡೆ.

ಗುಡ್ಡದ ಕತ್ತಿನಲ್ಲಿ, ಅಂದರೆ ಎರಡು ತಲೆಗಳ ನಡುವೆ ತಗ್ಗಿದ್ದ ಜಾಗದಲ್ಲಿ, ಒಂದು ಕಲ್ಲು ನೆಟ್ಟು, ದೂರಕ್ಕೆ ಕಾಣಲೆಂದು ಪಕ್ಕದಲ್ಲಿ ಬಾವುಟ ನಿಲ್ಲಿಸಿದರು. ಆ ಕಲ್ಲಿನಿಂದ ಮೂಗುಗಲ್ಲು ಅನ್ನುವ ನೆತ್ತಿಗೆ ನೇರ ಗೆರೆ. ಗೆರೆಯ ಆಚೆ ಗಣಿಯವರದು, ಈಚೆ ಮೇವಿನ ಜಾಗ. ದೊಣೆ ಇದ್ದದ್ದು ಕತ್ತಿನಿಂದ ಸ್ವಲ್ಪ ಕೆಳಗೆ, ನಮ್ಮ ಕಡೆಗೆ. ನನ್ನ ಗಂಡ ಕೋಲಿನಿಂದ ನೆಲದ ಮೇಲೆ ಗೀಚಿ ತೋರಿಸಿದಾಗ ಹಟ್ಟಿಯವರೆಲ್ಲ ಸಮಾಧಾನದ ಉಸಿರು ಬಿಟ್ಟರು.

ಕಲ್ಲು ನೆಡುವಾಗ ಖಲಾಸಿಗಳು ಕಾಯಿ ಒಡೆಯಬೇಕು ಅಂದರು. ಅದು ಕರಡಿ ಓಡಾಡುವ ಜಾಗ, ಕಾಯಿ ಒಡೆಯದೆ ನೆಲ ಅಗೆಯಲು ಅವರಿಗೆ ಧೈರ್ಯವಿರಲಿಲ್ಲ. ಒಡೀರಪ್ಪ, ನೀರು ಕಾಗದಕ್ಕೆ ಸಿಡಿಯದಿದ್ದರೆ ಸಾಕು ಎಂದು ಸಾಹೇಬರು ಆಚೆ ತಿರುಗಿ ನಿಂತರು. ಕುಂಕುಮ ಹಚ್ಚಿದರು, ಕಾಯಿ ಒಡೆದರು. ಎಲ್ಲ ಕೆಟ್ಟದ್ದು ಅಲ್ಲಿಂದ.

ಗುಡ್ಡದ ಆ ಕತ್ತೇ ನಮ್ಮ ಕುರಿ ಹಾಯುವ ದಾರಿ. ಕಲ್ಲು ಕೂತದ್ದು ಸರಿಯಾಗಿ ದಾರಿಯ ನಡುವೆ. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಕಾಯಿ ಒಡೆಸಿಕೊಂಡ ಕಲ್ಲು ಕಲ್ಲಲ್ಲ. ಅದರ ಮೇಲೆ ಕುರಿ ಹಾಯಬಾರದು, ಹಿಕ್ಕೆ ಬೀಳಬಾರದು. ಹೊಸದಾಗಿ ದೇವರು ಬಂದು ಕೂತದ್ದು ದಾರಿಯಲ್ಲಾದರೆ ಕೈಮುಗಿದು ಕೇಳಿಕೊಂಡು, ನೆರಳಿಗೆ ಎತ್ತಿಡಬೇಕು. ಅತ್ತೆ ನೋಡುವಷ್ಟು ದಿನ ನೋಡಿದಳು. ಅಷ್ಟರಲ್ಲಿ ಗಬ್ಬದ ಕುರಿಯೊಂದು ಮರಿ ಹಾಕಲಾಗದೆ ಸತ್ತಿತು. ಇನ್ನು ಅವಳನ್ನು ತಡೆಯುವವರು ಯಾರು? ಸಾಹೇಬರು ಖಲಾಸಿಗಳೊಂದಿಗೆ ಚೋರನೂರು ಕಡೆಯ ಗುಡ್ಡಗಳಿಗೆ ಹೋಗಿದ್ದರು. ನಾನು ಮಗಳಿಗೆ ಮೈ ಕಾದಿತ್ತೆಂದು ಸಂಡೂರಿಗೆ ಹೋಗಿದ್ದೆ. ಅತ್ತೆ ಇನ್ನೊಂದಿಬ್ಬರು ಹೆಂಗಸರನ್ನು ಕರೆದುಕೊಂಡು ಹೋಗಿ, ಹಾರೆಯಿಂದ ಕಲ್ಲನ್ನು ಸಡಿಲಿಸಿ, ಕಂಬಳಿಯಲ್ಲಿ ಹೊತ್ತು ತಂದು ದೊಣೆಯ ಪಕ್ಕದ ದಿಂಡಿಗದ ಮರದ ಕೆಳಗೆ ನೆಟ್ಟಳು. ದೊಣೆಗೂ ಕೆಳಗೆ. ಅಲ್ಲಿ ನೆರಳಿತ್ತು, ತೊಳೆಯಲು ನೀರಿತ್ತು. ನಾನು ತಿರುಗಿ ಬಂದಾಗ ದೊಡ್ಡ ಪುಣ್ಯ ಕಟ್ಟಿಕೊಂಡವಳ ಹಾಗೆ ಹೇಳಿದಳು. ಕಲ್ಲು ಎಲ್ಲಿದೆಯೋ ಗೆರೆ ಅಲ್ಲಿಂದ. ಕಲ್ಲು ದೊಣೆ ದಾಟಿ ಇಳಿದರೆ ಗೆರೆಯೂ ದಾಟಿ ಇಳಿಯುತ್ತದೆ. ದೊಣೆ ಗಣಿಯವರ ಕಡೆಗೆ ಹೋಗುತ್ತದೆ. ಅದನ್ನೇ ಅವಳಿಗೆ ಹೇಳಿದೆ. ಅವಳು, "ದೇವ್ರನ್ನ ಎತ್ತಿಟ್ರ ಸರ್ಕಾರಕ್ಕೇನು?" ಅಂದಳು.

ಮರುದಿನವೇ ಗಂಡಸರನ್ನು ಕಳಿಸಿ ತಿರುಗಿ ಇಡಿಸೋಣ ಎಂದುಕೊಂಡೆವು. ಆಗಲಿಲ್ಲ. ಬೆಳಗ್ಗೆ ಗಣಿಯ ಮ್ಯಾನೇಜರು ತನ್ನ ಆಳುಗಳೊಂದಿಗೆ ಆ ಕಡೆಯಿಂದ ಗುಡ್ಡ ಹತ್ತಿ ಬಂದಿದ್ದ. ಕಲ್ಲು ದೊಣೆಯ ಕೆಳಗಿದ್ದದ್ದನ್ನು ನೋಡಿದ. ಯಾಕೆ, ಏನು ಕೇಳಲಿಲ್ಲ. ಅಲ್ಲಿಂದಲೇ ಮೂಗುಗಲ್ಲಿನ ಕಡೆಗೆ ಸುಣ್ಣದ ಗೆರೆ ಹಾಕಿಸತೊಡಗಿದ. ಇಬ್ಬರನ್ನು ಕಲ್ಲಿನ ಪಕ್ಕದಲ್ಲಿ ಕಾವಲು ಕೂರಿಸಿದ. ಬಳ್ಳಾರಿಯ ಅಧಿಕಾರಿಗೆ, ಬಂದು ನೋಡಿ ಖಾಯಂ ಮಾಡಿ ಎಂದು ಹೇಳಿ ಕಳಿಸಿದ.

ಇದೊಂದೂ ಸಾಹೇಬರಿಗೆ ಗೊತ್ತಿರಲಿಲ್ಲ. ಅವರು ಆಚೆ ಗುಡ್ಡಗಳ ಮೇಲೆ ಹಲಗೆ ನಿಲ್ಲಿಸಿ, ದೂರದಿಂದ ನಮ್ಮ ಕಲ್ಲಿನ ಬಾವುಟ ನೋಡಿ ಗೆರೆ ಎಳೆದುಕೊಳ್ಳುತ್ತಿದ್ದರು. ಅತ್ತೆ ಬಾವುಟವನ್ನೂ ಬಿಡದೆ ಕಲ್ಲಿನ ಜೊತೆಗೇ ತಂದು ನೆಟ್ಟಿದ್ದಳು. ಮೂರು ಕಡೆಯಿಂದ ಎಳೆದ ಗೆರೆ ಒಂದೇ ಚುಕ್ಕೆಯಲ್ಲಿ ಕೂಡಬೇಕು, ಆಗ ಜಾಗ ಸರಿ. ಕೂಡಲಿಲ್ಲ. ಮೊದಲಿನದು ಒಂದು ಕಡೆ ಹೋದರೆ ಆಮೇಲಿನವು ಇನ್ನೊಂದು ಕಡೆ. ನಡುವೆ ಒಂದು ತ್ರಿಕೋನ ಉಳಿಯಿತು. ಅವರು ತಮ್ಮನ್ನೇ ಅನುಮಾನಿಸಿಕೊಂಡರಂತೆ. ಸೀಸದ ಕಡ್ಡಿ ಹೊಸದಾಗಿ ಹೆರೆದು ತಿರುಗಿ ಎಳೆದರಂತೆ, ಹಲಗೆಯ ಕಾಲು ಬಿಗಿದು ತಿರುಗಿ ನೋಡಿದರಂತೆ. ನನ್ನ ಗಂಡ ಪಕ್ಕದಲ್ಲೇ ಛತ್ರಿ ಹಿಡಿದು ನಿಂತಿದ್ದ. ಅವನಿಗೂ ಏನೂ ತಿಳಿದಿರಲಿಲ್ಲ. ಕಡೆಗೆ ಸಾಹೇಬರು ಕಾಗದ ಸುತ್ತಿಟ್ಟು ನಮ್ಮ ಕಡೆಗೆ ನಡೆದರು.

ಅವರು ಬಂದ ದಿನ ಮಧ್ಯಾಹ್ನ ಬಿಸಿಲು ಬಂಡೆಯನ್ನು ಕಾಯಿಸಿ ಹೆಂಚು ಮಾಡಿತ್ತು. ನಾನು ನೀರಿನ ಬಿಂದಿಗೆ ಹೊತ್ತು ಹಿಂದೆ ಹತ್ತಿದೆ. ಗುಡ್ಡದ ಕತ್ತಿನಲ್ಲಿ ಕಲ್ಲಿರಲಿಲ್ಲ. ಖಾಲಿ ಕುಣಿಯಿತ್ತು. ಸಾಹೇಬರು ಕುಕ್ಕರಗಾಲಲ್ಲಿ ಕೂತು ಕುಣಿಯೊಳಗೆ ಕೈ ಹಾಕಿ ಮಣ್ಣು ಮುಟ್ಟಿ ನೋಡಿದರು. ಅಂಚಿನಲ್ಲಿ ಅರಿಸಿನ ಕುಂಕುಮ ಚೆಲ್ಲಿತ್ತು, ಒಡೆದ ಬಳೆಯ ಚೂರಿತ್ತು. ಎದ್ದು ಕೆಳಗೆ ನೋಡಿದರು. ದಿಂಡಿಗದ ಕೆಳಗೆ ಕಲ್ಲು, ಕಲ್ಲಿನ ಪಕ್ಕ ಮ್ಯಾನೇಜರು, ಅವನ ಕಾಲ ಹತ್ತಿರದಿಂದ ಹೊರಟ ಬಿಳಿ ಸುಣ್ಣದ ಗೆರೆ.

ಮ್ಯಾನೇಜರು ಅಲ್ಲಿಂದಲೇ ಕೈ ಬೀಸಿದ. ಇವರು ಇಳಿದು ಹೋದರು. ಅವನು ಕೂತವನು ಏಳಲಿಲ್ಲ.

"ಬರ್ರಿ ಸಾಹೇಬ್ರ, ಕುಂದ್ರಿ. ನಿಮ್ ಕಲ್ಲ ಛಲೋ ಜಾಗಾ ನೋಡಿ ಕುಂತೈತಿ."

"ಇದು ಇಲ್ಲಿರಲಿಲ್ಲ" ಅಂದರು ಸಾಹೇಬರು.

"ಹಂಗಾರ ಕಲ್ಲಿಗೆ ಕಾಲು ಬಂದಾವೇನ್ರಿ? ಇಲ್ಲಾ ಯಾರರ ಎತ್ತ್ಯಾರೇನು? ಎತ್ತಿದ್ರ ಬರೀರಿ. ಸರ್ಕಾರಿ ಕಲ್ಲ ಮುಟ್ಟಿದೋರಿಗೆ ಜೇಲು ಐತಿ. ನೀವ ಬರೀಬೇಕು, ನೀವ ಕೇಸು ಕೊಡಬೇಕು."

ಸಾಹೇಬರು ನನ್ನ ಕಡೆ ತಿರುಗಿದರು. ನನ್ನಿಂದ ನೀರು ಇಸಿದುಕೊಂಡು ಕುಡಿದರು. ಕುಡಿಯುವಾಗ ಬಿಂದಿಗೆಯ ಬಾಯಿ ಹಲ್ಲಿಗೆ ತಾಗಿ ಸದ್ದಾಯಿತು.

ಇಳಿಯುವಾಗ ನಾನೇ ಮಾತು ತೆಗೆಯಲು ಹೋದೆ. ಅವರು ತಿರುಗಿ ನೋಡದೆಯೇ ಅಂದರು: "ನೋಡಮ್ಮ, ಕಲ್ಲು ಯಾರು ಎತ್ತಿದರು ಅಂತ ನಾನು ಕೇಳ್ತಾ ಇಲ್ಲ. ನನಗೆ ಹೇಳಲೂ ಬೇಡಿ. ಗೊತ್ತಾದರೆ ಬರೆಯಬೇಕಾಗುತ್ತೆ."

ಮ್ಯಾನೇಜರು ಸಂಜೆಗೆ ಮುಂಚೆ ಹಟ್ಟಿಗೂ ಬಂದ. ಬೇವಿನ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಅಧಿಕಾರಿ ಬರುತ್ತಾರೆ, ಕಲ್ಲು ಮೊದಲಿನಿಂದ ಅಲ್ಲೇ ಇತ್ತು ಎಂದು ಹೇಳಿದರೆ ಯಾರಿಗೂ ತ್ರಾಸಿಲ್ಲ, ಇಲ್ಲ ಅಂದರೆ ಎತ್ತಿದವರ ಹೆಸರು ಕೇಳುತ್ತಾರೆ. ಅವನ ಕಣ್ಣು ಹೇಳುವಾಗ ಹೆಂಗಸರ ಕಡೆಗೇ ಇತ್ತು. ಕುಂಕುಮ, ಬಳೆ ಚೂರು ಅವನೂ ನೋಡಿದ್ದ.

ಅವನು ಹೋದ ಮೇಲೆ ಗಂಡಸರು ಕೂತರು. ನಾನು ಸುಳ್ಳು ಬರೆಯುವುದಿಲ್ಲ, ಅವತ್ತು ಆಡಿದ ಮಾತು ಕೇಳಿ ನನಗೆ ಆ ಹಟ್ಟಿಯೇ ಬೇಡವಾಗಿತ್ತು. ದೊಣೆ ಹೋದರೆ ಹೋಗಲಿ, ಬೇರೆ ಎಲ್ಲಾದರೂ ನೀರು ಹುಡುಕೋಣ ಅಂದವರಿದ್ದರು. ದೊಣೆ ಹೋದರೆ ಕುರಿ ಮಾರಿ ಗಣಿಯಲ್ಲಿ ಕಲ್ಲು ಒಡೆಯಬೇಕು, ಅದಕ್ಕಿಂತ ಮುದುಕಿಯನ್ನು ಒಪ್ಪಿಸುವುದು ಮೇಲು ಅಂದವರೂ ಇದ್ದರು. ಅವಳ ತಮ್ಮನೇ ಅಂದ. ನನ್ನ ಗಂಡ ನೆಲ ನೋಡುತ್ತಾ ಕೂತಿದ್ದ. ಒಂದು ಕಡೆ ತಾಯಿ, ಒಂದು ಕಡೆ ನೀರು. ಬಾಯಿ ತೆರೆದರೆ ಯಾವುದೋ ಒಂದನ್ನು ಕಳೆದುಕೊಳ್ಳಬೇಕು.

ಅತ್ತೆ ಒಳಗಿನಿಂದ ಕೇಳಿಸಿಕೊಂಡಳು. ಹೊರಗೆ ಬಂದು ಬಾಗಿಲಲ್ಲಿ ನಿಂತಳು.

"ಜೇಲಿನ್ಯಾಗ ರೊಟ್ಟಿ ಕೊಡ್ತಾರೇನು?" ಅಂದಳು.

ಯಾರೋ ಕೊಡುತ್ತಾರೆ ಅಂದರು.

"ಹಂಗಾರ ಹೋಗ್ತೀನಿ. ಇಲ್ಲೇನು ಹೋಳಿಗಿ ತಿಂತೀನಾ? ದೊಣಿ ಬಿಡಬ್ಯಾಡ್ರಿ. ನಮ್ಮಪ್ಪ ನೀರು ಕುಡಿಸಿದ ಜಾಗಾ ಅದು."

ಅಷ್ಟು ಹೇಳಿ ಒಳಗೆ ಹೋಗಿ ಕವದಿ ಹೊದ್ದು ಮಲಗಿಬಿಟ್ಟಳು. ಹೊರಗಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಧಿಕಾರಿ ಬರುವವರೆಗಿನ ದಿನಗಳು... ಅವನ್ನು ಹೇಗೆ ಕಳೆದೆವೋ. ಸಾಹೇಬರು ಉಣ್ಣಲು ಬರುತ್ತಿದ್ದರು, ತಲೆ ಎತ್ತದೆ ಉಂಡು ಹೋಗುತ್ತಿದ್ದರು. ಅತ್ತೆ ಎದುರು ಹಾಯ್ದರೆ ದೊಡ್ಡಮ್ಮನವರೇ ಎಂದು ಕರೆಯುವುದನ್ನೂ ಬಿಟ್ಟಿದ್ದರು. ಅವಳಿಗೆ ಅದೇ ದೊಡ್ಡ ಚಿಂತೆಯಾಯಿತು. ಸಿಟ್ಟು ಬಂದೈತಿ ಅವ್ರಿಗೆ ಎಂದು ನನಗೆ ಹತ್ತು ಸಲ ಹೇಳಿದಳು. ನನ್ನ ಗಂಡ ಹೇಳುತ್ತಿದ್ದ, ಸಾಹೇಬರು ಹಗಲೆಲ್ಲ ಹಲಗೆಯ ಮುಂದೆ ಕೂತಿರುತ್ತಾರೆ, ಆದರೆ ಒಂದು ಗೆರೆಯನ್ನೂ ಎಳೆಯುವುದಿಲ್ಲ, ಮುಳ್ಳಿನ ಡಬ್ಬಿ ತೆಗೆದು ನೋಡುತ್ತಾರೆ, ಮುಚ್ಚಿಡುತ್ತಾರೆ ಎಂದು. ಅದೇಕೆ ಎಂದು ನಮಗೆ ತಿಳಿಯಲಿಲ್ಲ.

ಅಧಿಕಾರಿ ಗಣಿಯ ರಸ್ತೆಯವರೆಗೆ ಜೀಪಿನಲ್ಲಿ ಬಂದು, ಉಳಿದದ್ದನ್ನು ಹತ್ತಿ ಬಂದರು. ಬೆವರಿ ಅಂಗಿ ಮೈಗೆ ಅಂಟಿತ್ತು, ಮೊದಲೇ ಸಿಡಿಮಿಡಿ. ನಾವೆಲ್ಲ ದೊಣೆಯ ಬಂಡೆಯ ಮೇಲೆ ಕೂತಿದ್ದೆವು. ಕುರಿಗಳನ್ನು ಆಚೆ ತಡೆದಿದ್ದರು, ಬಾಯಾರಿ ಅರಚುತ್ತಿದ್ದವು. ಅಧಿಕಾರಿ ಕಲ್ಲನ್ನು ನೋಡಿದರು, ಸಾಹೇಬರ ಕಾಗದವನ್ನು ನೋಡಿದರು. ಕಾಗದದಲ್ಲಿ ಕಲ್ಲು ಮೇಲೆ ಇದೆಯಲ್ಲ, ನೆಲದಲ್ಲಿ ಇಲ್ಲಿ ಯಾಕಿದೆ ಎಂದು ಕೇಳಿದರು.

ಮ್ಯಾನೇಜರು ಮುಂದೆ ಬಂದ. "ಮೊದಲಿಂದ ಇಲ್ಲೇ ಐತ್ರಿ ಸಾರ್. ಬೇಕಾರ ಈ ಮಂದೀನ ಕೇಳ್ರಿ. ಇಲ್ಲ ಅಂದ್ರ ಯಾರು ಎತ್ತಿದ್ರು ಅಂತ ಹೇಳ್ಲಿ."

ಅಧಿಕಾರಿ ನಮ್ಮ ಕಡೆ ತಿರುಗಿದರು. ಯಾರಾದರೂ ಕಲ್ಲನ್ನು ಮುಟ್ಟಿದ್ದೀರಾ ಅಂದರು. ನನ್ನ ಪಕ್ಕದಲ್ಲಿ ಅತ್ತೆ ಮಂಡಿ ಮೇಲೆ ಕೈಯೂರಿ ಎದ್ದಳು. ಸೆರಗು ಸರಿ ಮಾಡಿಕೊಂಡಳು.

"ನಾನು ಹೇಳ್ತೀನ್ರಿ ಯಪ್ಪಾ. ಆ ಕಲ್ಲನ್ನ..."

"ಏಯ್ ಮುದುಕಿ, ಬಾಯಿ ಮುಚ್ಕೊಂಡು ಕೂತ್ಕೋ."

ಯಾರು ಅಂದದ್ದೆಂದು ನನಗೆ ಮೊದಲು ತಿಳಿಯಲೇ ಇಲ್ಲ. ಸಾಹೇಬರ ಬಾಯಿಂದ ಅಂಥ ದನಿಯನ್ನು ನಾವು ಕೇಳಿರಲಿಲ್ಲ. ಅವರು ಎರಡು ಹೆಜ್ಜೆ ಮುಂದೆ ಬಂದು ಅತ್ತೆಗೆ ಕೈ ತೋರಿಸಿ ಅಂದರು: "ಕುರಿ ಕಾಯೋಳಿಗೆ ಸರ್ಕಾರಿ ಕಲ್ಲಿನ ವಿಷಯ ಏನು ಗೊತ್ತು? ಕೂತ್ಕೋ ಅಂದೆ."

ಅತ್ತೆ ಕೂರಲಿಲ್ಲ, ಕುಸಿದಳು. ಸಾಹೇಬರು ಆಗಲೇ ಅಧಿಕಾರಿಯ ಕಡೆ ತಿರುಗಿದ್ದರು.

"ಈ ಕಲ್ಲು ಇಲ್ಲಿ ನೆಟ್ಟವನು ನಾನೇ ಸಾರ್. ಮುಳ್ಳು ನೋಡಿ ನೆಟ್ಟೆ. ತಪ್ಪು ಜಾಗಕ್ಕೆ ಬಂತು."

ಅಧಿಕಾರಿ ನಂಬಲಾಗದವರ ಹಾಗೆ ನೋಡಿದರು. "ಮುಳ್ಳು ನೋಡಿ? ಈ ಗುಡ್ಡದಲ್ಲಾ?"

"ಹೌದು ಸಾರ್."

"ನೀವು ಈ ಕೆಲಸಕ್ಕೆ ಹೊಸಬರೇನ್ರೀ?"

ಖಲಾಸಿಗಳು ಅಷ್ಟೂ ಮಂದಿ ತಲೆ ತಗ್ಗಿಸಿದರು. ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಇಲ್ಲಿ ಮುಳ್ಳನ್ನು ನಂಬಿದವನಿಗೆ ಯೋಗ್ಯತೆಯಿಲ್ಲ ಎಂದು ಅವರೇ ಹೇಳಿದ್ದನ್ನು ನಾವು ಕೇಳಿದ್ದೆವು. ಯಾವ ತಪ್ಪು ಹೇಳಿದರೆ ಅಧಿಕಾರಿ ಒಂದೇ ಮಾತಿಗೆ ನಂಬುತ್ತಾರೋ, ಯಾವ ತಪ್ಪು ಹೇಳಿದರೆ ಬೇರೆ ಯಾರ ಮೇಲೂ ಅನುಮಾನ ಬರುವುದಿಲ್ಲವೋ ಅದನ್ನು ಆರಿಸಿ ತಮ್ಮ ಮೇಲೆ ಹಾಕಿಕೊಂಡಿದ್ದರು. ಡಬ್ಬಿ ತೆಗೆದು ನೋಡಿ ಮುಚ್ಚಿಡುತ್ತಿದ್ದದ್ದು ಇದಕ್ಕೇ.

ಮ್ಯಾನೇಜರು ಸುಮ್ಮನಾಗಲಿಲ್ಲ. ಹಾಗಾದರೆ ಮೇಲಿನ ಖಾಲಿ ಕುಣಿ ಏನು ಎಂದು ಕೇಳಿದ. ಸರಿಯಾದ ಜಾಗ ಅದು, ಆಮೇಲೆ ನೋಡಿ ನಾನೇ ತೋಡಿಸಿದೆ, ಕಲ್ಲು ಸಾಗಿಸುವ ಮೊದಲೇ ನೀವು ಬಂದು ಕಾವಲು ಕೂರಿಸಿದಿರಿ ಎಂದರು ಸಾಹೇಬರು. ಕುಂಕುಮ ಯಾರದು, ಬಳೆ ಯಾರದು ಅಂದ. ಈ ಕಡೆ ಜನ ಎಲ್ಲಿ ಒಂಟಿ ಕಲ್ಲು ಕಂಡರೂ ಕುಂಕುಮ ಹಚ್ಚುತ್ತಾರೆ, ನಿಮಗೆ ಗೊತ್ತಿಲ್ಲವೇ ಅಂದರು. ಅಧಿಕಾರಿಗೆ ಬಿಸಿಲು ತಡೆಯಲಾಗುತ್ತಿರಲಿಲ್ಲ. ಸಾಕು ನಿಲ್ಲಿಸಿ ಎಂದು ಮ್ಯಾನೇಜರನ್ನೇ ಗದರಿದರು.

ಮೇಲಿನ ಕುಣಿಯ ಹತ್ತಿರ ಹಲಗೆ ಹೂಡಿಸಿದರು. ಅಧಿಕಾರಿಯೇ ಪಟ್ಟಿಯಲ್ಲಿ ಕಣ್ಣಿಟ್ಟು ಮೂರು ಗುಡ್ಡ ನೋಡಿ ಗೆರೆ ಎಳೆದರು. ಮೂರೂ ಒಂದೇ ಚುಕ್ಕೆಯಲ್ಲಿ ಕೂಡಿದವು. ನನ್ನ ಗಂಡ ಅಷ್ಟು ದೂರದಿಂದ ಕತ್ತು ಉದ್ದ ಮಾಡಿ ನೋಡಿ ಕಣ್ಣು ಒರೆಸಿಕೊಂಡ. ಕಲ್ಲನ್ನು ಅಲ್ಲಿಗೆ ಹೊರಿಸಿ, ಸಿಮೆಂಟು ಹಾಕಿ ಕೂರಿಸಬೇಕೆಂದು ಹುಕುಮಾಯಿತು. ದೊಣೆ ನಮ್ಮ ಕಡೆ ಉಳಿಯಿತು. ಕಾವಲು ಎದ್ದಿತು. ಕುರಿ ಬಿಟ್ಟರು. ಅವು ಅಧಿಕಾರಿಯ ಕಾಲ ಸಂದಿನಲ್ಲೇ ನುಗ್ಗಿ ನೀರಿಗೆ ಬಿದ್ದವು.

ಸಾಹೇಬರ ಹತ್ತಿರ ತಪ್ಪೊಪ್ಪಿಗೆ ಬರೆಸಿಕೊಂಡರು. ಅವರು ಬಂಡೆಯ ಮೇಲೆ ಕಾಗದ ಇಟ್ಟು ನಿಂತೇ ಬರೆದರು. ಅದಾದ ಮೇಲೆ ಅಧಿಕಾರಿ, ಜೀಪಿನಲ್ಲೇ ಬನ್ನಿ, ಇಲ್ಲಿ ನಿಮ್ಮ ಕೆಲಸ ಮುಗಿಯಿತು ಅಂದರು. ಹಲಗೆ, ಪಟ್ಟಿ, ಛತ್ರಿ ಎಲ್ಲ ಅಲ್ಲಿಯೇ ಖಲಾಸಿಗಳ ಸುಪರ್ದಿಗೆ. ನಾನು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಹೋಗಿದ್ದೆ. ಗಂಟು ಹಿಡಿದು ಎದುರಿಗೆ ನಿಂತೆ. ಬೇಡಮ್ಮ ಅಂದರು. ಅತ್ತೆ ಕೂತಿದ್ದ ಕಡೆಗೆ ಒಮ್ಮೆ ನೋಡಿದರು. ಅವಳು ಮುಖ ತಿರುಗಿಸಿಕೊಂಡಳು. ಇಳಿದು ಹೋದರು. ಆಮೇಲೆ ಅವರನ್ನು ನಾವು ಕಾಣಲಿಲ್ಲ.

ಉಳಿದ ಕೆಲಸ ಮುಗಿಸಲು ಬೇರೊಬ್ಬರು ಬಂದರು. ಹಳೆಯ ಸಾಹೇಬರ ಸುದ್ದಿ ಕೇಳಿದರೆ ಅವರು ನಗುತ್ತಿದ್ದರು. ಕಬ್ಬಿಣದ ಗುಡ್ಡದಲ್ಲಿ ಮುಳ್ಳು ನಂಬಿದವರು ಎಂದು ಕಚೇರಿಯಲ್ಲೆಲ್ಲ ಅವರದೇ ಮಾತಂತೆ. ನೌಕರಿಯಿಂದ ತೆಗೆದರು ಎಂದು ಒಂದು ಸಲ, ಎಲ್ಲೋ ದೂರ ಹಾಕಿದರು ಎಂದು ಒಂದು ಸಲ. ಯಾವುದು ನಿಜವೋ... ನನ್ನ ಗಂಡ ಒಮ್ಮೆ ತಡೆಯಲಾರದೆ, ಅವರು ಹಾಗೆ ಮಾಡುವವರಲ್ಲ ಅಂದ. ಮತ್ತೆ ಹೇಗೆ ಮಾಡಿದರು ಎಂದು ಆ ಹೊಸಬರು ಕೇಳಿದರು. ಇವನು ಬಾಯಿ ಮುಚ್ಚಿಕೊಂಡ. ಹೇಳಿದರೆ ತಾಯಿಗೆ ಬರುತ್ತದೆ. ಹಳೆಯ ಸಾಹೇಬರು ಕಟ್ಟಿಹೋದ ಗಂಟು ಹಾಗಿತ್ತು. ಬಿಚ್ಚಲು ಹೋದರೆ ಅವರು ಮಾಡಿದ್ದೇ ಹಾಳು.

ಅತ್ತೆ ಅವರನ್ನು ಕ್ಷಮಿಸಲಿಲ್ಲ. ಮುದುಕಿ ಅಂದ, ಕುರಿ ಕಾಯೋಳು ಅಂದ, ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದಳು. ಆಗ ಅವಳಿಗೆ ಹಲ್ಲೆಲ್ಲ ಗಟ್ಟಿ ಇದ್ದವು, ತಲೆಯಲ್ಲಿ ಕರಿ ಕೂದಲಿತ್ತು. ಒಂದು ದಿನ ನಾನು ರೇಗಿ, ನಿನ್ನನ್ನು ಜೈಲಿನಿಂದ ಉಳಿಸಲು ಅವರು ಹಾಗೆ ಅಂದದ್ದು, ಅಷ್ಟೂ ತಿಳಿಯುವುದಿಲ್ಲವೇ ಅಂದೆ.

"ತಿಳೀತೈತಿ" ಅಂದಳು. "ಉಳಸಾವ ದೊಡ್ಡಮ್ಮನೋರೇ ಅಂತ ಉಳಸಬೇಕಿತ್ತು."

ಆದರೆ ಕಲ್ಲಿನ ಮೇಲೆ ಸಾಯುವವರೆಗೂ ಅವಳು ಕುರಿ ಹಾಯಿಸಲಿಲ್ಲ. ಗುಡ್ಡದ ಕತ್ತಿಗೆ ಬಂದರೆ ಕಲ್ಲಿನಿಂದ ದೂರಕ್ಕೆ ಸುತ್ತಿ ಹೊಡೆಯುತ್ತಿದ್ದಳು. ಅವಳನ್ನು ನೋಡಿ ಮಿಕ್ಕವರೂ ಹಾಗೇ ಮಾಡಿದರು. ಕುರಿದಾರಿ ಅಲ್ಲಿ ಈಗಲೂ ಬಿಲ್ಲಿನ ಹಾಗೆ ಬಾಗಿದೆ.

ಅತ್ತೆ ಹೋದಳು. ನನ್ನ ಗಂಡನೂ ಹೋದ. ಕಿರಿಯ ಮಗನಿಗೆ ಹೊಸಪೇಟೆಯಲ್ಲಿ ಲಾರಿ ಗ್ಯಾರೇಜಿನ ಕೆಲಸ, ನಾನೂ ಇಲ್ಲಿದ್ದೇನೆ. ಹಟ್ಟಿಯಲ್ಲಿ ಮೈದುನನ ಮಕ್ಕಳು ಕುರಿ ಸಾಕಿಕೊಂಡಿದ್ದಾರೆ, ಆಗೀಗ ಹೋಗಿ ಬರುತ್ತೇನೆ. ಹೂ ಕೊಳ್ಳಲು ಹೋಗಿ ನಿಂತುಬಿಟ್ಟ ಆ ದಿನದ ಮರುವಾರ ಹೋಗಿದ್ದೆ. ಗುಡ್ಡದ ಮೇಲೆ ಮತ್ತೆ ಸರ್ವೆ ನಡೆಯುತ್ತಿತ್ತು. ಈಗ ಹಲಗೆಯಿಲ್ಲ, ಕೋಲಿಲ್ಲ. ಕಾಗೆಯಷ್ಟು ದೊಡ್ಡ ಯಂತ್ರವೊಂದು ಗುಂಯ್ ಎಂದು ಹಾರಿ ಗುಡ್ಡದ ಚಿತ್ರ ತೆಗೆಯುತ್ತದೆ. ಪ್ಯಾಂಟು ಹಾಕಿದ ಹುಡುಗಿಯೊಬ್ಬಳು ಬಂಡೆಯ ಮೇಲೆ ಕೂತು ಅದನ್ನು ಆಡಿಸುತ್ತಿದ್ದಳು. ಮಾತು ನಮ್ಮ ಕಡೆಯದೇ. ಅಜ್ಜಿ, ಬರ್ರಿ, ನೋಡ್ರಿ ಎಂದು ಪರದೆಯ ಮೇಲೆ ತೋರಿಸಿದಳು. ಹಳೆಯ ನಕಾಶೆಯೂ ಅದರಲ್ಲಿತ್ತು. ಕತ್ತಿನಲ್ಲಿ ಕಲ್ಲಿನ ಗುರುತು, ಅಲ್ಲಿಂದ ಗೆರೆ, ಗೆರೆಯ ಈಚೆ ಒಂದು ಸಣ್ಣ ನೀಲಿ ಚುಕ್ಕೆ.

ಇದು ನಮ್ಮ ದೊಣೆಯೇ ಎಂದು ಕೇಳಿದೆ. ಹೌದು ಅಂದಳು. ಆ ಗೆರೆ ಇರದಿದ್ದರೆ ಇಷ್ಟು ಹೊತ್ತಿಗೆ ಗಣಿಯ ಗುಂಡಿಯೊಳಗೆ ಹೋಗುತ್ತಿತ್ತು ನೋಡಿ ಎಂದು ಆಚೆ ಬದಿಗೆ ಕೈ ತೋರಿದಳು. ಆಚೆ ಬದಿಯಲ್ಲಿ ಗುಡ್ಡವಿರಲಿಲ್ಲ, ಬರೀ ಕೆಂಪು ಮೆಟ್ಟಿಲು.

ಈ ನಕಾಶೆ ಬರೆದವರನ್ನು ನಾನು ಬಲ್ಲೆ, ಅವರಿಗೆ ರೊಟ್ಟಿ ಮಾಡಿ ಹಾಕಿದ್ದೇನೆ ಅಂದೆ. ಅವಳು ಹುರುಪಿನಿಂದ ಯಂತ್ರ ಇಳಿಸಿ ನನ್ನ ಕಡೆ ತಿರುಗಿದಳು.

"ಹೌದೇನ್ರಿ? ಯಾರ್ರಿ ಅಜ್ಜಿ? ಹೆಸರೇನ್ರಿ ಅವ್ರದು?"

ನಾನು ಬಾಯಿ ತೆರೆದೆ. ಅಷ್ಟು ದಿನ ನನ್ನ ಕೈಯಲ್ಲಿ ಉಂಡವರು. ಸಾಹೇಬ್ರ ಅಂದರೆ ತಿರುಗಿ ನೋಡುತ್ತಿದ್ದರು, ನಮಗೆ ಅಷ್ಟು ಸಾಕಾಗಿತ್ತು. ಗಂಡ ಇದ್ದಾಗ ಅವನನ್ನಾದರೂ ಕೇಳಬಹುದಿತ್ತು. ಅವನಿಗೂ ಗೊತ್ತಿತ್ತೋ ಇಲ್ಲವೋ... ಅವರು ಇದ್ದರೆ ಈಗ ತೊಂಬತ್ತು ದಾಟಿರಬೇಕು. ಇರಲಿಕ್ಕಿಲ್ಲ.

ಹುಡುಗಿ ಕಾದಳು. ಆಮೇಲೆ ನನ್ನ ಮೊಣಕೈ ಹಿಡಿದು ಮೆಲ್ಲಗೆ ಅಂದಳು. "ಇರ್ಲಿ ಬಿಡ್ರಿ ಅಜ್ಜಿ. ವಯಸ್ಸಾದ ಮ್ಯಾಲ ಎಲ್ಲಾರಿಗೂ ಮರೀತೈತಿ."

"ಮರತಿಲ್ಲವ್ವ" ಅಂದೆ. "ಕೇಳೇ ಇರಲಿಲ್ಲ."